ಎರಡು ತಲೆಯವರಿಗೆ ಬೈಯಪ್ಪನಹಳ್ಳಿಯಿಂದ ಒಂದು ಅರ್ಜಿ

ಗೆ,
ಶ್ರೀ ಗಂಡಭೇರುಂಡ ಅವರು,
ಕೆಂಪು ಗುರಾಣಿಯ ನಟ್ಟನಡುವೆ,
ರಾಜ್ಯ ಲಾಂಛನ, ಕರ್ನಾಟಕ.

ಇಂದ,
ಬೈಯಪ್ಪನಹಳ್ಳಿಯ ಒಬ್ಬ ನಿವೃತ್ತ ಟಪಾಲು ಗುಮಾಸ್ತ.

ವಿಷಯ: ತಮ್ಮ ಎರಡು ತಲೆಗಳು ಒಮ್ಮೆಯಾದರೂ ಒಂದರ ಮುಖ ಇನ್ನೊಂದು ನೋಡುವಂತೆ ಕೋರಿ.
ಉಲ್ಲೇಖ: ಬಳ್ಳಿಗಾವಿಯ ಕಂಬ, ಕ್ರಿ.ಶ. 1047, ಹಾಗೂ ಹೋದ ತಿಂಗಳು ನಮ್ಮ ಭಾವ ಮಾಡಿದ ಫೋನು.

ಮಾನ್ಯರೇ,

ಉಭಯಕುಶಲೋಪರಿ. ಅರ್ಥ ಗೊತ್ತಿಲ್ಲದೆಯೇ ಈ ಮಾತನ್ನು ಚಿಕ್ಕಂದಿನಿಂದ ಎಷ್ಟು ಕಾಗದಗಳ ನೆತ್ತಿಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಇವತ್ತು ಮೊದಲ ಸಲ ಅದು ಜಾಗಕ್ಕೆ ಸರಿಯಾಗಿ ಕೂತಿದೆ. ಎಡಗಡೆಯ ತಲೆಯವರೂ ಬಲಗಡೆಯ ತಲೆಯವರೂ ಕುಶಲ ಎಂದು ನಂಬಿದ್ದೇನೆ. ಇನ್ನು ಬಹುವಚನದ ಮಾತು. ಮೇಲಧಿಕಾರಿ ಒಬ್ಬರೇ ಇದ್ದರೂ 'ತಾವು' ಎನ್ನುವುದು ಕಚೇರಿಯ ಅಭ್ಯಾಸ. ಅದು ಮರ್ಯಾದೆಯೇ ಹೊರತು ಎಣಿಕೆಯಲ್ಲ. ತಮ್ಮ ವಿಷಯದಲ್ಲಿ ಮಾತ್ರ ಮರ್ಯಾದೆಯೂ ಎಣಿಕೆಯೂ ತಾಳೆಯಾಗುತ್ತವೆ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಯಾವ ತಾಳೆಯೂ ನನಗೆ ಇಷ್ಟು ಸಲೀಸಾಗಿ ಸಿಕ್ಕಿರಲಿಲ್ಲ.

ಬರೆಯುತ್ತಿರುವುದು ಬೈಯಪ್ಪನಹಳ್ಳಿಯಿಂದ. ಊರಿಗೆ ಆ ಹೆಸರು ಕೊಟ್ಟ ಬೈಯಪ್ಪ ಯಾರೇ ಇರಲಿ, ಮುಂದಾಲೋಚನೆ ಇದ್ದ ಪುಣ್ಯಾತ್ಮ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿನೊಳಗೆ ಬೆವರಿಳಿಸಿಕೊಂಡು ನಿಂತವರಿಗೆ, ಹಳೇ ಮದ್ರಾಸ್ ರಸ್ತೆ ದಾಟಲು ಹೋಗಿ ಅರ್ಧದಲ್ಲಿ ವಾಪಸು ಓಡಿದವರಿಗೆ, ಆಟೋದವರ ಜೊತೆ ಚೌಕಾಸಿಗೆ ಇಳಿದವರಿಗೆ, ಊರೇ ಬಾಯಿಬಿಟ್ಟು ಅಪ್ಪಣೆ ಕೊಟ್ಟಂತಿದೆ: ಬೈಯಪ್ಪ, ಬೈ, ಯಾರನ್ನಾದರೂ ಬೈ. ಜನ ಆ ಅಪ್ಪಣೆಯನ್ನು ದಿನವೂ ಪಾಲಿಸುತ್ತಾರೆ. ನಾನು ಮಾತ್ರ ಬೈಯುವುದಕ್ಕೆ ಬರೆಯುತ್ತಿಲ್ಲ. ತಮ್ಮ ಕೈಕೆಳಗೆ ದುಡಿದವನು. ರೆಕ್ಕೆಯ ಕೆಳಗೆ ಎನ್ನಬೇಕೇನೋ.

ತಮ್ಮ ಪರಿಚಯ ನನಗೆ ಪುರಾಣದಿಂದ ಆದದ್ದಲ್ಲ, ರಬ್ಬರಿನಿಂದ ಆದದ್ದು. ನಮ್ಮ ಶಾಖೆಯ ದುಂಡು ಮೊಹರಿನೊಳಗೆ ತಾವು ಇದ್ದಿರಿ, ಹಳೆಯ ನಾಲ್ಕಾಣೆಯಷ್ಟು ಅಗಲದ ಜಾಗದಲ್ಲಿ, ರೆಕ್ಕೆ ಮಡಚಲೂ ಪುರಸೊತ್ತಿಲ್ಲದೆ. ಜಾವಕ ವಹಿಯಲ್ಲಿ ನಂಬರು ಹಾಕು, ಲಕೋಟೆ ಅಂಟಿಸು, ಮಸಿ ಪ್ಯಾಡಿಗೆ ಒತ್ತು, ಕಾಗದಕ್ಕೆ ಕುಟ್ಟು. ಮಧ್ಯಾಹ್ನದ ಹೊತ್ತಿಗೆ ನೇರಳೆ ಮಸಿ ತಮ್ಮ ಎರಡು ಕತ್ತುಗಳ ನಡುವಿನ ಸಂದಿಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಕಾಗದದ ಮೇಲೆ ಮೂಡುತ್ತಿದ್ದದ್ದು ಗಂಡಭೇರುಂಡವಲ್ಲ, ಮಳೆಯಲ್ಲಿ ತೊಯ್ದ ಗೂಬೆ. ಹೊಸದಾಗಿ ಬಂದ ಸಾಹೇಬರೊಬ್ಬರು ಒಂದು ಲಕೋಟೆಯನ್ನು ಬೆಳಕಿಗೆ ಹಿಡಿದು "ಏನ್ರೀ ಇದು, ನಮ್ದೇನು ಕೋಳಿ ಇಲಾಖೇನಾ?" ಎಂದು ಕೇಳಿದ್ದರು. ಅವತ್ತಿನಿಂದ ಪ್ರತಿ ಶನಿವಾರ ಹಳೆಯ ಟೂತ್ ಬ್ರಷ್ಷು, ಸೋಪಿನ ನೀರು, ಒಂದು ಗುಂಡುಸೂಜಿ ಇಟ್ಟುಕೊಂಡು ಕೂರುತ್ತಿದ್ದೆ. ಸೂಜಿಯ ಮೊನೆಯಲ್ಲಿ ಮೊದಲು ಕಣ್ಣು, ಆಮೇಲೆ ಕೊಕ್ಕು, ಕೊನೆಗೆ ಕತ್ತಿನ ಸಂದಿ. ಎಡಗಡೆಯವರ ಕೊಕ್ಕು ಸವೆದು ಮೊಂಡಾಗಿತ್ತು. ಹೊಸ ಮೊಹರು ಬೇಕೆಂದು ನಾನು ಬರೆದ ಟಿಪ್ಪಣಿ ಎಲ್ಲ ಮೇಜುಗಳ ಷರಾ ಪಡೆದು ಇಳಿದು ಬರುವಷ್ಟರಲ್ಲಿ ನಾನು ಹಾರ, ಶಾಲು, ಹಣ್ಣಿನ ಬುಟ್ಟಿ ಸ್ವೀಕರಿಸಿ ಮನೆಗೆ ಬಂದಾಗಿತ್ತು.

ತಾವು ನಾಲ್ಕಾಣೆ ಜಾಗದಲ್ಲಿ ಕೂರುವ ಕುಳವಲ್ಲ ಎಂದು ನನಗೆ ತೋರಿಸಿಕೊಟ್ಟವರು ನಮ್ಮ ಭಾವ. ಶಿಕಾರಿಪುರ ತಾಲ್ಲೂಕಿನವರು. ಅಕ್ಕನ ಮದುವೆಯ ಮಾರನೇ ವರ್ಷ ದೀಪಾವಳಿಗೆ ಹೋದಾಗ ಬಳ್ಳಿಗಾವಿಗೆ ಕರೆದುಕೊಂಡು ಹೋದರು. ಬನವಾಸಿ ನಾಡನ್ನು ನೋಡಿಕೊಳ್ಳುತ್ತಿದ್ದ ಚಾಲುಕ್ಯರ ಮಾಂಡಲಿಕ ಚಾವುಂಡರಾಯ 1047ರಲ್ಲಿ ತಮ್ಮ ಹೆಸರಿನಲ್ಲಿ ನಿಲ್ಲಿಸಿದ ಕಂಬ. ಕುತ್ತಿಗೆ ನೋಯುವಷ್ಟು ತಲೆ ಎತ್ತಿದರೇನೇ ತುದಿ ಕಾಣುವುದು. ಅಲ್ಲಿ ತಮಗೆ ಮನುಷ್ಯನ ಮೈ, ಅದರ ಮೇಲೆ ಹಕ್ಕಿಯ ಎರಡು ತಲೆ. ಭಾವ ತಮ್ಮ ಊರಿನ ಸಾಹುಕಾರರನ್ನು ಪರಿಚಯಿಸುವ ಧಾಟಿಯಲ್ಲಿ, "ನೋಡು ಮಾರಾಯ, ನಿನ್ನ ಸೀಲಿನ ಮುತ್ತಜ್ಜ" ಅಂದಿದ್ದರು. ನಾನು ಕೈಮುಗಿದೆ. ಕೈಯಲ್ಲಿ ಆಗಲೂ ಮಸಿ ಇತ್ತು.

ಆಮೇಲೆ ತಮ್ಮ ಸರ್ವೀಸ್ ರಿಜಿಸ್ಟರು ಹುಡುಕುವ ಚಟ ಹತ್ತಿತು. ಕೆಳದಿಯ ರಾಮೇಶ್ವರ ಗುಡಿಯ ಚಾವಣಿಯಲ್ಲಿ ಆನೆ, ಸಿಂಹಗಳನ್ನು ಕೊಕ್ಕಿನಲ್ಲೂ ಉಗುರಿನಲ್ಲೂ ಹಿಡಿದಿದ್ದೀರಿ. ವಿಜಯನಗರದ ಅಚ್ಯುತರಾಯ (1529–1542) ತಮ್ಮನ್ನು ಚಿನ್ನದ ನಾಣ್ಯಕ್ಕೆ ಹಾಕಿಸಿದ. ಅಲ್ಲೂ ಕೊಕ್ಕಿಗೊಂದು ಉಗುರಿಗೊಂದು ಆನೆ. ನಾವು ಮಾರ್ಕೆಟ್ಟಿನಿಂದ ಬರುವಾಗ ಕೊತ್ತಂಬರಿ ಕಟ್ಟು ಹಿಡಿದಂತೆ ತಾವು ಆನೆ ಹಿಡಿದಿದ್ದೀರಿ. ಆದರೆ ನನ್ನ ಮನಸ್ಸಿಗೆ ನಾಟಿದ್ದು ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯಲ್ಲಿ ಹೊಯ್ಸಳರ ಶಿಲ್ಪಿ ಒಂದು ಸರಪಳಿ ಕೆತ್ತಿದ್ದಾನೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ ನುಂಗುತ್ತಿದೆ, ಶರಭವನ್ನು ತಾವು ಹರಿದು ಹಾಕುತ್ತಿದ್ದೀರಿ. ತಮ್ಮ ಮೇಲೆ ಯಾರೂ ಇಲ್ಲ. ಇಷ್ಟು ಸ್ಪಷ್ಟವಾದ ಜ್ಯೇಷ್ಠತಾ ಪಟ್ಟಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನಾಂಕ ಕೂಡ ಇಲ್ಲ. ಪಕ್ಕದಲ್ಲೊಬ್ಬ ಋಷಿ ಇದನ್ನೆಲ್ಲ ಬೆರಗಾಗಿ ನೋಡುತ್ತಿದ್ದಾನೆ. ಟಪಾಲು ಶಾಖೆಯವನಿರಬೇಕು.

ಇಂಥವರು ಮೈಸೂರು ಅರಸರ ಲಾಂಛನಕ್ಕೆ ಬಂದಿರಿ, ಅಲ್ಲಿಂದ ರಾಜ್ಯದ ಲಾಂಛನಕ್ಕೆ ಬಂದಿರಿ. ಸಂತೋಷ. ಆದರೆ ಆ ಲಾಂಛನದಲ್ಲಿ ತಮ್ಮ ಎಡಬಲಕ್ಕೆ ಯಾರನ್ನು ನಿಲ್ಲಿಸಿದ್ದಾರೆ, ಗಮನಿಸಿದ್ದೀರಾ? ಒಂದು ತಲೆ ಎಡಕ್ಕೆ, ಒಂದು ತಲೆ ಬಲಕ್ಕೆ ನೋಡುವ ತಮಗೆ ಕಾಣದೆ ಇರಲು ಸಾಧ್ಯವೇ ಇಲ್ಲ. ಸಿಂಹದ ಮೈ, ಆನೆಯ ತಲೆ, ಹಳದಿ ಬಣ್ಣ, ಕೆಂಪು ಕೇಸರ. ಶರಭಗಳು! ಹಿರಣ್ಯಕಶಿಪುವನ್ನು ಸೀಳಿದ ಮೇಲೂ ತಣಿಯದ ನರಸಿಂಹನನ್ನು ಅಡಗಿಸಲು ಶಿವ ಶರಭನಾದ. ಆ ಶರಭನನ್ನು ಅಡಗಿಸಲು ವಿಷ್ಣು ಗಂಡಭೇರುಂಡನಾದ. ಮೊದಲರ್ಧ ಶೈವರು ಹೇಳುವುದು, ಉಳಿದರ್ಧ ವೈಷ್ಣವರು ಸೇರಿಸಿದ್ದು. ಮೇಲ್ಮನವಿಯ ಮೇಲೆ ಮೇಲ್ಮನವಿ. ಬೇಲೂರಿನ ಕಲ್ಲಿನಲ್ಲಿ ಯಾರನ್ನು ಸೀಳುತ್ತಿದ್ದೀರೋ ಅವರನ್ನೇ ಅಂಗರಕ್ಷಕರಾಗಿ ಮಾಡಿ, ಕೆಳಗೆ 'ಸತ್ಯಮೇವ ಜಯತೇ' ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಈ ರಾಜ್ಯ ಕಂಡ ಎಲ್ಲ ಸಮ್ಮಿಶ್ರ ಸರ್ಕಾರಗಳಿಗಿಂತ ಇದು ಹಳೆಯದು, ಗಟ್ಟಿಯಾದದ್ದು. ಒಬ್ಬರೂ ಬೆಂಬಲ ವಾಪಸು ಪಡೆದಿಲ್ಲ.

ಶರಭಕ್ಕೆ ಎಂಟು ಕಾಲು ಎಂದು ಪುರಾಣ ಹೇಳುತ್ತದೆ. ಲಾಂಛನದಲ್ಲಿ ನಾಲ್ಕೇ ಇವೆ. ಉಳಿದ ನಾಲ್ಕು ಹುದ್ದೆಗಳಿಗೆ ಆರ್ಥಿಕ ಇಲಾಖೆಯ ಸಹಮತಿ ಸಿಕ್ಕಿರಲಿಕ್ಕಿಲ್ಲ. ಅವು ಶರಭವೇ ಅಲ್ಲ, ಗಜಕೇಸರಿ ಎನ್ನುವವರೂ ಇದ್ದಾರೆ. ಅನುಮಾನ ಬಂದಾಗ ನಾನು ಮೆಟ್ರೊ ಹತ್ತಿ ಮೂರನೇ ನಿಲ್ದಾಣವಾದ ಹಲಸೂರಿನಲ್ಲಿ ಇಳಿದು ಸೋಮೇಶ್ವರನ ಗುಡಿಗೆ ಹೋಗುತ್ತೇನೆ. ಅಲ್ಲಿಯ ತೆರೆದ ಮಂಟಪದ ಕಂಬಗಳಲ್ಲಿ ವಿಜಯನಗರದ ಕಾಲದ ಯಾಳಿಗಳು ಹಿಂಗಾಲಿನ ಮೇಲೆ ಎದ್ದು ನಿಂತಿವೆ. ಎಣ್ಣೆ, ಕುಂಕುಮ, ಒರಗಿದವರ ಬೆನ್ನು, ಹಿಡಿದಾಡಿದ ಮಕ್ಕಳ ಕೈ ಎಲ್ಲ ಸೇರಿ ಅವುಗಳ ಮೈ ಕೈಗೆ ಎಟುಕುವ ಎತ್ತರದವರೆಗೂ ನುಣುಪಾಗಿದೆ. ಅದಕ್ಕಿಂತ ಮೇಲೆ ಇನ್ನೂ ಉಳಿಯ ಗುರುತು. ಮೊನ್ನೆ ಒಬ್ಬ ಹುಡುಗಿ ತನ್ನ ಬ್ಯಾಗನ್ನು ಯಾಳಿಯ ಪಾದದ ಮೇಲಿಟ್ಟು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಯಾಳಿ ಬಾಯಿ ತೆರೆದುಕೊಂಡೇ ಕಾವಲು ಕಾಯಿತು. ನಮ್ಮ ಕಡೆಯ ವಿಚಿತ್ರ ಮೃಗಗಳಲ್ಲಿ ಇವತ್ತಿಗೂ ನಿಯತ್ತಾಗಿ ಡ್ಯೂಟಿ ಮಾಡುತ್ತಿರುವವು ಇವೇ ಎಂದು ನನ್ನ ಅಭಿಪ್ರಾಯ. ತಮಗೆ ಬೇಸರವಾದರೆ ಕ್ಷಮಿಸಿ.

ಬೇಸರದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಏಷ್ಯಾ ಖಂಡದಲ್ಲಿ ತಮ್ಮ ಸಹೋದ್ಯೋಗಿಗಳೆಲ್ಲ ಎಲ್ಲಿಗೆ ಏರಿದ್ದಾರೆ ನೋಡಿ. ಗರುಡ ಇಂಡೊನೇಷ್ಯಾಕ್ಕೆ ಹೋಗಿ ದೇಶದ ಲಾಂಛನವಾದ. ರೆಕ್ಕೆಯಲ್ಲಿ 17 ಗರಿ, ಬಾಲದಲ್ಲಿ 8, ಕತ್ತಿನಲ್ಲಿ 45. ಸ್ವಾತಂತ್ರ್ಯ ಘೋಷಿಸಿದ 1945ರ ಆಗಸ್ಟ್ 17ನ್ನು ಮೈಮೇಲೆ ಹಾಕಿಕೊಂಡೇ ತಿರುಗುತ್ತಾನೆ. ಮೇಲಾಗಿ ವಿಮಾನ ಕಂಪನಿಗೂ ಅವನದೇ ಹೆಸರು. ಭೂತಾನದ ಗುಡುಗಿನ ಡ್ರ್ಯಾಗನ್, ಅವರ ಭಾಷೆಯಲ್ಲಿ ಡ್ರುಕ್, ಬಾವುಟದ ಮೇಲಿದೆ, ವಿಮಾನಕ್ಕೂ ಅದೇ ಹೆಸರು. ಇರಾನಿನ ಹೋಮಾ ಹಕ್ಕಿ ಅವರ ವಿಮಾನದ ಬಾಲದ ಮೇಲೆ ಕೂತು ದೇಶ ಸುತ್ತುತ್ತದೆ. ಜಪಾನಿನಲ್ಲಿ ಕಿರಿನ್ ಬಿಯರ್ ಬಾಟ್ಲಿಯ ಮೇಲೆ ಹಾಯಾಗಿದೆ. ಅಷ್ಟೇಕೆ, ಸಿಂಹದ ತಲೆ ಮೀನಿನ ಮೈಯ ಸಿಂಗಪುರದ ಮೆರ್ಲಯನ್ ಹುಟ್ಟಿದ್ದೇ 1964ರಲ್ಲಿ, ಪ್ರವಾಸೋದ್ಯಮ ಮಂಡಳಿಯ ಗುರುತಾಗಿ. ಹಿಂದೆ ಪುರಾಣವಿಲ್ಲ, ಮುಂದೆ ಕಾರಂಜಿಯಿದೆ, ಸುತ್ತ ಫೋಟೋ ತೆಗೆಯುವವರ ಜಾತ್ರೆಯಿದೆ. ಸಾವಿರ ವರ್ಷದ ಸೇವಾ ದಾಖಲೆ ಇರುವ, ಎರಡು ಕೊಕ್ಕಿನ, ಎರಡು ರೆಕ್ಕೆಯ ತಮಗೆ ಕೊಟ್ಟದ್ದೇನು? ಬಸ್ಸು.

ಬಸ್ಸನ್ನು ಹಗುರವಾಗಿ ಆಡುತ್ತಿಲ್ಲ. ನಾನು ಬಸ್ಸಿನಲ್ಲೇ ಬೆಳೆದವನು. 1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳಿಂದ ಶುರು ಮಾಡಿದ ಸಾರಿಗೆ ಇವತ್ತಿನ ಕೆಎಸ್ಆರ್‌ಟಿಸಿಯಾಗಿ ಬೆಳೆದು ತಮ್ಮನ್ನು ಗುರುತಾಗಿ ಧರಿಸಿದ್ದು ದೊಡ್ಡ ಮಾತು. ನನ್ನ ತಕರಾರು ಹೆಸರುಗಳ ಬಗ್ಗೆ. ತಮ್ಮ ಚಿತ್ರ ಹಾಕಿದ ಐಷಾರಾಮಿ ಬಸ್ಸಿಗೆ ಅವರು ಇಟ್ಟ ಹೆಸರು ಐರಾವತ. ಅದಕ್ಕಿಂತ ಮೇಲಿನದು ಅಂಬಾರಿ. ಆನೆಯನ್ನು ಕೊಕ್ಕಿನಲ್ಲಿ ನೇತಾಡಿಸುವವರನ್ನು ಕರೆದು ಆನೆಯ ಮೈಗೆ ಅಂಟಿಸಿ, ಅದರ ಬೆನ್ನಿನ ಮೇಲೆ ಜನ ಕೂರಿಸಿ, ಮಂಗಳೂರಿಗೆ ಕಳಿಸಿಕೊಡುತ್ತಾರೆ. ರಾತ್ರಿ ಘಾಟಿ ಇಳಿಯುವಾಗ ತಮಗೆ ಹಸಿವಾಗುವುದಿಲ್ಲವೇ?

ಆನೆಯ ಜೊತೆ ತಮ್ಮ ಹಳೇ ವ್ಯಾಜ್ಯ ಇನ್ನೊಂದು ರೂಪದಲ್ಲಿ ಕೋರ್ಟಿಗೂ ಹೋಗಿಬಂತು. ಕೆಎಸ್ಆರ್‌ಟಿಸಿ ಎಂಬ ಐದು ಅಕ್ಷರ ಕರ್ನಾಟಕದ್ದೋ ಕೇರಳದ್ದೋ ಎಂಬ ತಗಾದೆ. 2013ರಲ್ಲಿ ನಮ್ಮವರು ಅರ್ಜಿ ಹಾಕಿ ಟ್ರೇಡ್‌ಮಾರ್ಕ್ ಪಡೆದರು. ಅಕ್ಷರಗಳ ಜೊತೆಗೆ ಗಂಡಭೇರುಂಡದ ಚಿತ್ರಕ್ಕೂ ಕಾಗದ ಮಾಡಿಸಿಕೊಂಡರು. ಕೇರಳದವರು ಹೆಸರು ನಮ್ಮದು ಮೊದಲು ಎಂದು ತಕರಾರು ತೆಗೆದರು. ಕೇರಳದ ಲಾಂಛನ ಯಾವುದು ಹೇಳಿ? ಶಂಖ, ಅದರ ಎರಡೂ ಪಕ್ಕಕ್ಕೆ ಒಂದೊಂದು ಆನೆ. ಅಚ್ಯುತರಾಯನ ಟಂಕಸಾಲೆಯಲ್ಲಿ ಅರ್ಧ ಗಳಿಗೆಯಲ್ಲಿ ತೀರ್ಮಾನವಾಗುತ್ತಿದ್ದ ಮೊಕದ್ದಮೆ ಇದು. ಇಲ್ಲಿ ವರ್ಷಗಟ್ಟಲೆ ನಡೆದು 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡಿತು. ಎರಡು ಆನೆಗಳ ಎದುರು ಒಂದು ಗಂಡಭೇರುಂಡ, ವಕೀಲರ ಮುಖಾಂತರ, ಗಾಯಾಳುಗಳಿಲ್ಲದೆ ಗೆದ್ದದ್ದು ಶಿಲ್ಪಶಾಸ್ತ್ರದಲ್ಲೇ ಮೊದಲಿರಬೇಕು.

ಇನ್ನು ಅಸಲು ವಿಷಯ. ಪೀಠಿಕೆ ಉದ್ದವಾಯಿತು, ಸರ್ಕಾರಿ ಕಾಗದದಲ್ಲಿ ವಿಷಯ ಮೂರನೇ ಪುಟಕ್ಕೆ ಬರುವುದು ರೂಢಿ.

ತಾವು ಲಾಂಛನದಲ್ಲಿ, ಮೊಹರಿನಲ್ಲಿ, ಬಸ್ಸಿನ ಮೈಮೇಲೆ ಇದ್ದೀರಿ. ಆದರೆ ಮೈಸಹಿತ, ಕತ್ತುಸಹಿತ, ಎರಡು ತಲೆ ಒಂದು ಹೊಟ್ಟೆಯ ಸಮೇತ ತಾವು ನೆಲೆಸಿರುವ ಜಾಗ ಒಂದೇ: ನಮ್ಮ ಬೈಯಪ್ಪನಹಳ್ಳಿ. ಒಂದು ತಲೆ ಮೆಟ್ರೊ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಮೊಟ್ಟಮೊದಲು ಓಡಿದ್ದು ಇಲ್ಲಿಂದಲೇ, ಎಂ.ಜಿ. ರಸ್ತೆಗೆ, ಒಟ್ಟು ಆರು ನಿಲ್ದಾಣ. ಅವತ್ತು ಕೇರಿಯವರೆಲ್ಲ ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ಹೋಗಿ ಬಂದೆವು. ನಮ್ಮ ಮನೆಯವಳು ಹೂವು ಮುಡಿದುಕೊಂಡು ಹೊರಟಿದ್ದಳು. ಇನ್ನೊಂದು ತಲೆ ರೈಲ್ವೆ. ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಏಳು ಪ್ಲಾಟ್‌ಫಾರಂ, ಸುಮಾರು 314 ಕೋಟಿ ರೂಪಾಯಿ, ವಿಮಾನ ನಿಲ್ದಾಣದಂತೆ ಹವಾನಿಯಂತ್ರಿತ. ಸಿದ್ಧವಾದ ಮೇಲೂ ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಮುಚ್ಚಿಕೊಂಡಿದ್ದು, 2022ರ ಜೂನ್ 6ರಂದು ಅಲ್ಲಿಂದ ಮೊದಲ ರೈಲು ಹೊರಟಿತು. ಎಲ್ಲಿಗೆ ಎಂದು ಕೇಳಿ. ಎರ್ನಾಕುಲಂಗೆ. ಆನೆಗಳ ಊರಿಗೆ.

ಎರಡೂ ಬೈಯಪ್ಪನಹಳ್ಳಿಯೇ. ನಡುವೆ ರಸ್ತೆಯಲ್ಲಿ ಹೋದರೆ ಎರಡು ಕಿಲೋಮೀಟರಿನ ಆಸುಪಾಸು. ಮೆಟ್ರೊದ ಮಗ್ಗುಲಲ್ಲೇ ಹಳೆಯ ಬೈಯಪ್ಪನಹಳ್ಳಿ ರೈಲು ನಿಲ್ದಾಣ ಬೇರೆ ಇದೆ. ಅದನ್ನು ಬಾಲ ಎಂದು ಲೆಕ್ಕ ಹಿಡಿದಿದ್ದೇನೆ. ಹೀಗಾಗಿ "ಬೈಯಪ್ಪನಹಳ್ಳಿ ಸ್ಟೇಷನ್ನಿನಲ್ಲಿ ಇದ್ದೇನೆ" ಎಂದು ನೆಂಟರು ಫೋನು ಮಾಡಿದರೆ, ಚಪ್ಪಲಿ ಹಾಕಿಕೊಳ್ಳುವ ಮೊದಲು ನಾವು ಕೇಳುವ ಪ್ರಶ್ನೆ "ಯಾವ ತಲೆ?"

ಮೆಟ್ರೊದ ತಲೆಗೂ ಒಂದು ಕಾಲಕ್ಕೆ ಕತ್ತು ಇರಲಿಲ್ಲ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್ ಕಡೆಯಿಂದ ಕೆ.ಆರ್. ಪುರದವರೆಗೆ ಮೆಟ್ರೊ ಶುರುವಾಯಿತು. ಈ ಕಡೆ ಬೈಯಪ್ಪನಹಳ್ಳಿ. ನಡುವೆ ಎರಡು ಕಿಲೋಮೀಟರಿನಷ್ಟು ಇಲ್ಲ. ಅಂದರೆ ಜಾಗ ಇತ್ತು, ಮೆಟ್ರೊ ಇರಲಿಲ್ಲ. ಬೆನ್ನಿಗಾನಹಳ್ಳಿಯ ಹತ್ತಿರ ರೈಲ್ವೆ ಹಳಿಯ ಮೇಲೆ ಉಕ್ಕಿನ ಗರ್ಡರ್ ಕೂರಬೇಕಿತ್ತು. ಅಲ್ಲಿಯವರೆಗೆ ಜನ ಒಂದು ರೈಲು ಇಳಿದು, ಬಸ್ಸು ಹತ್ತಿ, ಅದನ್ನೂ ಇಳಿದು, ಇನ್ನೊಂದು ರೈಲು ಹತ್ತುತ್ತಿದ್ದರು. ಅಕ್ಟೋಬರ್ 9ಕ್ಕೆ ಕತ್ತು ಬೆಸೆಯಿತು. ಆರೂವರೆ ತಿಂಗಳು. ಮೊಹರಿನ ಟಿಪ್ಪಣಿಗೆ ಹೋಲಿಸಿದರೆ ಬೆಳಕಿನ ವೇಗ, ನಾನು ದೂರುವವನಲ್ಲ.

ಭಾವನ ಕಥೆಗೆ ಬರುತ್ತೇನೆ. ಅವರ ಮಗಳು ಎರ್ನಾಕುಲಂನಲ್ಲಿದ್ದಾಳೆ, ಚೊಚ್ಚಲ ಬಾಣಂತಿ. ಅಕ್ಕ ಮೊದಲೇ ಹೋಗಿಯಾಗಿತ್ತು. ಭಾವ ಶಿಕಾರಿಪುರದಿಂದ ರಾತ್ರಿ ಬಸ್ಸಿಗೆ ಬಂದು, ಮಲ್ಲೇಶ್ವರದ ಸಂಬಂಧಿಕರ ಮನೆಯಲ್ಲಿ ಸ್ನಾನ ಊಟ ಮುಗಿಸಿ, ರೈಲಿಗೆ ಇನ್ನೂ ನಾಲ್ಕು ತಾಸು ಇರುವಾಗಲೇ ಹೊರಟರು. ಎರಡು ಸೂಟ್‌ಕೇಸು, ಒಂದು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ಪ್ಲಾಸ್ಟಿಕ್ಕು ಕಟ್ಟಿ, ಅದರ ಮೇಲೆ ದಾರ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗಾನಿಸಿಕೊಂಡಿದ್ದರಂತೆ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗ ಹತ್ತಿದ್ದಾರೆ. ಟಿಕೇಟಿನಲ್ಲಿ ವಿಶ್ವೇಶ್ವರಯ್ಯ ಟರ್ಮಿನಲ್ ಎಂದಿದೆ. ಮುಂದಿನ ನಿಲ್ದಾಣ ಸರ್ ಎಂ. ವಿಶ್ವೇಶ್ವರಯ್ಯ ಎಂದು ಡಬ್ಬಿಯೊಳಗೆ ಹೆಣ್ಣು ದನಿ ಹೇಳಿದೆ. ಇಳಿದೇಬಿಟ್ಟರು. ಅಲ್ಲಿಂದಲೇ ನನಗೆ ಫೋನು.

"ಮಾರಾಯ, ನಿಮ್ಮ ಬೆಂಗ್ಳೂರು ಎಷ್ಟು ಮುಂದುವರಿದಿದೆಯೋ! ಎರಡೇ ನಿಮಿಷಕ್ಕೆ ಬಂದುಬಿಡ್ತು. ಎರ್ನಾಕುಲಂ ರೈಲು ಯಾವ ಪ್ಲಾಟ್‌ಫಾರಂ?"

"ಭಾವ, ಎದುರಿಗೆ ಏನು ಕಾಣ್ತಿದೆ?"

"ಕಾಲೇಜು."

ಕಾಲೇಜೇ. ಸೆಂಟ್ರಲ್ ಕಾಲೇಜು. ವಿಶ್ವೇಶ್ವರಯ್ಯನವರು ಓದಿದ ಕಾಲೇಜು ಎಂದು ಆ ಮೆಟ್ರೊ ನಿಲ್ದಾಣಕ್ಕೆ ಅವರ ಹೆಸರು ಒಪ್ಪುತ್ತದೆ. ರೈಲ್ವೆ ಟರ್ಮಿನಲ್‌ಗೆ ಅವರ ಹೆಸರು ಇಟ್ಟದ್ದರಲ್ಲೂ ತಪ್ಪಿಲ್ಲ. ಈ ನಾಡಿನಲ್ಲಿ ಅವರ ಹೆಸರಿಗೆ ಯೋಗ್ಯವಲ್ಲದ ಕಟ್ಟಡ ಕಟ್ಟಿದರೆ ಅದು ಕಟ್ಟಿದವರ ತಪ್ಪು. ಹೀಗೆ ಎರಡು ತಲೆಗಳೂ ಬೇರೆಬೇರೆಯಾಗಿ ಸರಿಯಾದ ಯೋಚನೆಯನ್ನೇ ಮಾಡಿವೆ. ಅದೇ ಕಷ್ಟ. ಬೈಯಪ್ಪನಹಳ್ಳಿ ಎಂಬ ಹೆಸರಿನ ಮೆಟ್ರೊ ನಿಲ್ದಾಣದ ಹತ್ತಿರ ವಿಶ್ವೇಶ್ವರಯ್ಯನವರಿಲ್ಲ, ವಿಶ್ವೇಶ್ವರಯ್ಯ ಎಂಬ ಹೆಸರಿನ ಮೆಟ್ರೊ ನಿಲ್ದಾಣದ ಹತ್ತಿರ ಬೈಯಪ್ಪನಹಳ್ಳಿಯಿಲ್ಲ. ಮೈಯೆಲ್ಲ ಲೆಕ್ಕಾಚಾರವಾಗಿದ್ದ ಆ ಎಂಜಿನಿಯರ್ ಇದನ್ನು ನೋಡಿದ್ದರೆ ಪೇಟ ತೆಗೆದು ಮೇಜಿನ ಮೇಲಿಡುತ್ತಿದ್ದರೋ ಏನೋ.

ಭಾವನನ್ನು ಮತ್ತೆ ಒಳಗೆ ಕಳಿಸಿ, ಬೈಯಪ್ಪನಹಳ್ಳಿಯಲ್ಲಿ ಇಳಿಸಿಕೊಂಡೆ. ಮೆಟ್ಟಿಲ ಕೆಳಗೆ ಆಟೋ ಸಿಕ್ಕಿತು. ಆಟೋದ ಹುಡುಗ ಭರಣಿ ನೋಡಿ "ಸೋರಲ್ಲ ತಾನೆ?" ಅಂದ. ಭಾವ ಅವನ ತಾತನ ಕಾಲದಿಂದ ಸೋರಿಲ್ಲ ಎಂಬ ಮುಖ ಮಾಡಿದರು. ಹಳಿಯ ಪಕ್ಕ, ಗೋಡೆಯ ಪಕ್ಕ, ಮತ್ತೆ ಹಳಿಯ ಪಕ್ಕ. ಹೊಂಡ ಬಂದಾಗಲೆಲ್ಲ ಭಾವ ಭರಣಿಯನ್ನು ಮೇಲಕ್ಕೆತ್ತುತ್ತಿದ್ದರು, ಉಳಿದಂತೆ ಕೆಳಗಿಳಿಸುತ್ತಿದ್ದರು. ಅಂದರೆ ಟರ್ಮಿನಲ್ ತಲುಪುವವರೆಗೂ ಎತ್ತಿಕೊಂಡೇ ಇದ್ದರು. ರೈಲಿಗೆ ಇನ್ನೂ ಒಂದೂವರೆ ತಾಸಿತ್ತು. ತಂಪು ಹವೆಯ ಹಾಲಿನಲ್ಲಿ ಕೂತು ಭಾವ ಬೆವರು ಒರೆಸಿಕೊಂಡು, ಬಳ್ಳಿಗಾವಿಯ ಕಂಬ ನೆನಪಾಯಿತೋ ಏನೋ, "ಸಾವಿರ ವರ್ಷದಿಂದ ಒಂದೇ ಕಡೆ ನಿಂತವ ನೋಡು, ಅವ ಜಾಣ" ಅಂದರು.

ಇದನ್ನು ಕೇಳಿದಾಗಿನಿಂದ ನನ್ನ ತಲೆಯಲ್ಲಿ (ನನಗೆ ಒಂದೇ) ಪಂಚತಂತ್ರದ ಭಾರುಂಡ ಸುತ್ತುತ್ತಿದೆ. ತಮ್ಮ ವಂಶದವರೇ ಇರಬೇಕು. ಎರಡು ಕತ್ತು, ಒಂದು ಹೊಟ್ಟೆ. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ನನಗೂ ಸ್ವಲ್ಪ ಕೊಡು ಎಂದು ಇನ್ನೊಂದು ತಲೆ ಕೇಳಿತು. ಮೊದಲನೆಯದು ಹೇಳಿದ್ದು ಕೇಳಿ: ಯಾರು ತಿಂದರೇನು, ಹೋಗುವುದು ಒಂದೇ ಹೊಟ್ಟೆಗಲ್ಲವೇ? ಎಂಥ ಸಮಂಜಸವಾದ ಉತ್ತರ! ಕಡತದಲ್ಲಿ ಬರೆದರೆ ಯಾವ ಲೆಕ್ಕಪರಿಶೋಧಕನೂ ಬೆರಳು ತೋರಿಸಲಾರ. ಇನ್ನೊಂದು ತಲೆ ಮುನಿಸನ್ನು ನುಂಗಿಕೊಂಡು ಕಾದು, ಒಂದು ದಿನ ವಿಷದ ಹಣ್ಣು ಸಿಕ್ಕಾಗ ಎದುರಾಳಿ ಸಾಯಲಿ ಎಂದು ಅದನ್ನು ತಿಂದಿತು. ಹೋದದ್ದು ಒಂದೇ ಹೊಟ್ಟೆಗೆ.

ಕಥೆ ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸಿ ಮಕ್ಕಳಿಗೆ ಒಗ್ಗಟ್ಟಿನ ಪಾಠ ಮಾಡುತ್ತಾರೆ. ನನಗೆ ಮಾತ್ರ ಆ ಹೊಟ್ಟೆಯದೇ ಯೋಚನೆ. ಹಣ್ಣಿನ ರುಚಿ ಅದಕ್ಕೆ ಗೊತ್ತಾಗಲಿಲ್ಲ, ರುಚಿ ನಾಲಗೆಯದು. ಜಗಳದಲ್ಲಿ ಅದರ ಅಭಿಪ್ರಾಯ ಕೇಳಲಿಲ್ಲ, ಮಾತು ಬಾಯಿಯದು. ವಿಷ ಬಂದಾಗ ಮಾತ್ರ ನೇರವಾಗಿ ಅದರ ವಿಳಾಸಕ್ಕೆ ಬಂತು. ಅವತ್ತು ಮೆಟ್ರೊ ಮೆಟ್ಟಿಲ ಕೆಳಗೆ ಸೂಟ್‌ಕೇಸು ಹಿಡಿದು ನಿಂತವರನ್ನು ನಾನು ಸುಮ್ಮನೆ ನೋಡಿದೆ. ಒಡಿಶಾದ ಕಡೆಯಿಂದ ಬಂದ ಹುಡುಗರು, ತಲೆಯ ಮೇಲೆ ಟ್ರಂಕು; ಕೂಸನ್ನು ಸೊಂಟಕ್ಕೆ ಏರಿಸಿಕೊಂಡ ಹೆಂಗಸು, ಇನ್ನೊಂದು ಕೈಯಲ್ಲಿ ಮಡಚಿದ ಫ್ಯಾನು; ಪ್ರತಿಯೊಬ್ಬರೂ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ನೋಡುತ್ತಿದ್ದರು. ತಮ್ಮ ಎರಡೂ ತಲೆ ಮಾಡುವ ಕೆಲಸವನ್ನು ಅವರು ಒಂದೇ ಕತ್ತಿನಲ್ಲಿ ಮಾಡುತ್ತಿದ್ದರು.

ಆದ್ದರಿಂದ ಕೋರಿಕೆ. ದೊಡ್ಡದೇನಲ್ಲ. ತಾವು ಲಾಂಛನ ಬಿಟ್ಟು ಇಳಿದು ಬರಬೇಕೆಂದಲ್ಲ. ಇಳಿದು ಬಂದರೆ ಶರಭಗಳ ಪರಿಸ್ಥಿತಿ ಸೂಕ್ಷ್ಮವಾಗುತ್ತದೆ. ಯಾರೂ ನೋಡದ ಹೊತ್ತಿನಲ್ಲಿ, ರಾತ್ರಿ ಕೊನೆಯ ಮೆಟ್ರೊ ಡಿಪೋಕ್ಕೆ ಹೋದ ಮೇಲೆ, ಎಡಗಡೆಯವರು ಬಲಕ್ಕೂ ಬಲಗಡೆಯವರು ಎಡಕ್ಕೂ ಸ್ವಲ್ಪ ತಿರುಗಬೇಕು. ಕೊಕ್ಕಿಗೆ ಕೊಕ್ಕು ತಾಗಿದರೂ ಪರವಾಗಿಲ್ಲ. "ಏನ್ ಸಮಾಚಾರ? ನಿಮ್ಮ ಸ್ಟೇಷನ್ನಿಗೆ ಏನು ಹೆಸರಿಟ್ಟಿದ್ದೀರಿ?" ಎಂದು ಒಬ್ಬರನ್ನೊಬ್ಬರು ಕೇಳಿದರೆ ಸಾಕು. ಕತ್ತು ಹಿಡಿದುಕೊಂಡೀತು, ಸಾವಿರ ವರ್ಷದ ಅಭ್ಯಾಸ. ಸಂದಿಯಲ್ಲಿ ಮಸಿಯೂ ಕಟ್ಟಿರುತ್ತದೆ. ಟೂತ್ ಬ್ರಷ್ಷು ನನ್ನ ಹತ್ತಿರ ಇನ್ನೂ ಇದೆ.

ಅದೂ ಆಗದು ಎಂದಾದರೆ, ಪರ್ಯಾಯ ಪ್ರಾರ್ಥನೆ: ಬರುವ ತಿಂಗಳು ಭಾವ, ಅಕ್ಕ, ಬಾಣಂತಿ, ಕೂಸು ನಾಲ್ವರೂ ವಾಪಸು ಬರುತ್ತಾರೆ. ಸಾಮಾನು ಮೊದಲಿನದಕ್ಕಿಂತ ಎರಡರಷ್ಟು, ತೊಟ್ಟಿಲು ಬೇರೆ. ಆನೆಗಳನ್ನು ಕೊಕ್ಕಿಗೊಂದು ಉಗುರಿಗೊಂದು ಹೊತ್ತವರಿಗೆ ಇದು ಯಾವ ಲೆಕ್ಕ? ಟರ್ಮಿನಲ್‌ನಿಂದ ಮೆಟ್ರೊವರೆಗೆ ಹಾರಿಸಿ ಬಿಟ್ಟರೆ ಉಪಕಾರವಾಗುತ್ತದೆ. ಹಕ್ಕಿ ಹಾರುವ ದಾರಿಯಲ್ಲಿ ತೀರಾ ಹತ್ತಿರ.

ಇತಿ ತಮ್ಮ ವಿಧೇಯ,
ನಿವೃತ್ತ ಟಪಾಲು ಗುಮಾಸ್ತ,
ಬೈಯಪ್ಪನಹಳ್ಳಿ.

ತಾ.ಕ.: ಉತ್ತರ ಬರೆಯುವುದಾದರೆ ಮೊಹರು ಒತ್ತುವಾಗ ಜೋರಾಗಿ ಕುಟ್ಟಬಾರದೆಂದು ಈಗಿನ ಗುಮಾಸ್ತರಿಗೆ ತಿಳಿಸಿ. ಎಡಗಡೆಯವರ ಕೊಕ್ಕು ನಾಜೂಕು.

ಪ್ರತಿಗಳು:
ಎಡ ತಲೆಯವರಿಗೆ, ಬಲ ತಲೆಯವರೊಂದಿಗೆ ಚರ್ಚಿಸಿ ಮುಂದಿನ ಕ್ರಮಕ್ಕಾಗಿ.
ಬಲ ತಲೆಯವರಿಗೆ, ಎಡ ತಲೆಯವರೊಂದಿಗೆ ಚರ್ಚಿಸಿ ಮುಂದಿನ ಕ್ರಮಕ್ಕಾಗಿ.
ಎರಡೂ ಶರಭಗಳಿಗೆ, ಮಾಹಿತಿಗಾಗಿ.
ಕಚೇರಿ ಪ್ರತಿ.
ಹೊಟ್ಟೆಗೆ ಪ್ರತಿ ಕಳಿಸುವ ವಾಡಿಕೆ ಇಲ್ಲದ ಕಾರಣ ಕಳಿಸಿರುವುದಿಲ್ಲ.